ಕಥೆಯ ಪಾತ್ರ ಮಕ್ಕಳಿಗೆ ಅರ್ಥವಾಗಿದೆಯಾ? ನಾನು ನೋಡಿದ ನಾಲ್ಕು ದಾರಿಗಳು

ಆರು, ಏಳನೇ ತರಗತಿಗೆ ಕನ್ನಡ ಹೇಳಿಕೊಡುವವರಿಗೆಲ್ಲ ಇದು ಗೊತ್ತು. ಕಥೆ ನೆನಪಿರುವುದು ಬೇರೆ, ಕಥೆಯಲ್ಲಿರುವವರು ಅರ್ಥವಾಗುವುದು ಬೇರೆ. ಎರಡನೆಯದನ್ನು ಕಂಡುಹಿಡಿಯುವುದು ಹೇಗೆ? ಗೋವಿನ ಹಾಡು ಮತ್ತು ಏಕಲವ್ಯನ ಕಥೆ ಇಟ್ಟುಕೊಂಡು ನಾಲ್ಕು ವಿಧಾನ ಮಾಡಿ ನೋಡಿದೆ. ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಮಾಮೂಲಿ ಪ್ರಶ್ನೋತ್ತರ. ‘ಪುಣ್ಯಕೋಟಿಯ ಗುಣಗಳನ್ನು ಬರೆಯಿರಿ’, ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ತಿದ್ದುವುದು ಸುಲಭ, ಅಂಕ ಕೊಡುವುದೂ ಸುಲಭ. ಆದರೆ ಉತ್ತರಗಳೆಲ್ಲ ಒಂದೇ ಥರ. ಪುಣ್ಯಕೋಟಿ ಸತ್ಯವಂತೆ, ಕರುಣಾಮಯಿ. ಗೈಡಿನಲ್ಲಿರುವುದೂ ಅದೇ, ಬೋರ್ಡಿನ ಮೇಲೆ ಬರೆಸಿದ್ದೂ ಅದೇ. ಪೂರ್ತಿ ಅಂಕ ತೆಗೆದ ಹುಡುಗನನ್ನು ‘ಹುಲಿ ಯಾಕಪ್ಪಾ ಪ್ರಾಣ ಬಿಟ್ಟಿತು?’ ಅಂತ ಕೇಳಿದರೆ ‘ಪದ್ಯದಲ್ಲಿ ಹಾಗಿದೆ ಮಿಸ್’ ಅಂದ. ನೆನಪಿನ ಶಕ್ತಿ ನೋಡಲು ಈ ವಿಧಾನ ಸಾಕು. ಅದಕ್ಕಿಂತ ಜಾಸ್ತಿ ಇದರಿಂದ ತಿಳಿಯುವುದಿಲ್ಲ.

ಎರಡನೆಯದು ದಿನಚರಿ. ‘ದ್ರೋಣರು ಆ ರಾತ್ರಿ ದಿನಚರಿ ಬರೆದಿದ್ದರೆ ಏನು ಬರೆಯುತ್ತಿದ್ದರು?’ ಮಕ್ಕಳಿಗೆ ತುಂಬ ಇಷ್ಟವಾಯಿತು. ಕೆಲವು ಪುಟಗಳನ್ನು ಓದುವಾಗ ನನಗೇ ಗಂಟಲು ಕಟ್ಟಿತು. ತೊಂದರೆ ಏನೆಂದರೆ, ಇದರಲ್ಲಿ ಗೆಲ್ಲುವುದು ಬರವಣಿಗೆ ಚೆನ್ನಾಗಿರುವ ಮಗು. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಮಾತಾಡುವ ಮಗುವಿಗೆ ಪಾತ್ರ ಪೂರ್ತಿ ಅರ್ಥವಾಗಿದ್ದರೂ ಕನ್ನಡದಲ್ಲಿ ಮೂರು ಸಾಲು ಬರೆಯುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಆಗ ನಾವು ಅಳೆಯುವುದು ಭಾಷೆಯನ್ನೇ ಹೊರತು ತಿಳುವಳಿಕೆಯನ್ನಲ್ಲ. ಬರೆಯುವ ರೂಢಿಗೆ ಇದು ಇರಲಿ, ಅಂಕಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಮೂರು ಕಾಲಂನ ಪಟ್ಟಿ. ಒಂದರಲ್ಲಿ ಗುಣ, ಇನ್ನೊಂದರಲ್ಲಿ ಅದು ಯಾವ ಮಾತಿನಿಂದ ಅಥವಾ ಕೆಲಸದಿಂದ ಗೊತ್ತಾಯಿತು ಅನ್ನುವುದು, ಮತ್ತೊಂದರಲ್ಲಿ ‘ಹಾಗೆ ನನಗೇಕೆ ಅನಿಸಿತು’. ವಾಕ್ಯ ಪೂರ್ತಿ ಇರಬೇಕಿಲ್ಲ, ಕಾಗುಣಿತ ತಪ್ಪಿದರೆ ಅಂಕ ಕಡಿಮೆಯಿಲ್ಲ. ಎರಡನೇ ಕಾಲಂ ಬಂದ ಕೂಡಲೇ ಗೈಡಿನ ಆಟ ನಿಂತಿತು. ‘ಕರುಣಾಮಯಿ’ ಅಂತ ಬರೆದವರು ಹಾಡಿನೊಳಗೆ ಹುಡುಕಲೇಬೇಕಾಯಿತು. ಹುಡುಕಿದವರಿಗೆ ಸಿಕ್ಕಿದ್ದು, ತಬ್ಬಲಿಯಾಗಲಿರುವ ಕರುವನ್ನು ಹಾಯಬೇಡಿ, ಒದೆಯಬೇಡಿ ಅಂತ ಪುಣ್ಯಕೋಟಿ ಉಳಿದ ಹಸುಗಳನ್ನು ಬೇಡಿಕೊಳ್ಳುವ ಜಾಗ. ‘ಇದು ಕರುಣೆ ಅಲ್ಲ ಮಿಸ್, ಚಿಂತೆ’ ಅಂತ ಒಬ್ಬಳು ಮೊದಲನೇ ಕಾಲಂ ಹೊಡೆದುಹಾಕಿ ತಿದ್ದಿದಳು. ಹೀಗೆ ತಾನೇ ತಿದ್ದಿಕೊಂಡಿದ್ದಕ್ಕೆ ಪ್ರಶ್ನೋತ್ತರದಲ್ಲಿ ಜಾಗವೇ ಇಲ್ಲ.

ಏಕಲವ್ಯನ ಕಥೆಗೂ ಇದೇ ಪಟ್ಟಿ. ದ್ರೋಣರ ಹೆಸರಿನ ಎದುರು ‘ಮಾತು ಉಳಿಸಿಕೊಳ್ಳುವವರು’ ಅಂತ ಒಬ್ಬ ಬರೆದಿದ್ದ. ಅರ್ಜುನನಿಗಿಂತ ದೊಡ್ಡ ಬಿಲ್ಲುಗಾರ ಇರಬಾರದು ಅಂತ ಅವರು ಮಾತು ಕೊಟ್ಟಿದ್ದರಲ್ಲ, ಅದು ಅವನ ಪುರಾವೆ. ಅದೇ ಹುಡುಗ ಮೂರನೇ ಕಾಲಂನಲ್ಲಿ ಹೀಗೆ ಬರೆದ: ‘ಪುಣ್ಯಕೋಟಿನೂ ಮಾತು ಉಳಿಸಿಕೊಂಡಳು. ಅವಳು ತನ್ನ ಜೀವ ಕೊಡೋಕೆ ಹೋದಳು. ಇವರು ಬೇರೆಯವರ ಬೆರಳು ಕೇಳಿದರು.’ ಎರಡು ಕಥೆ ಸೇರಿಸಿ ನೋಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಕೊನೆಯದು ಪಾತ್ರದ ಕುರ್ಚಿ. ಒಂದು ಮಗು ಪಾತ್ರವಾಗಿ ಮುಂದೆ ಕೂರುತ್ತದೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಕಥೆಯಲ್ಲಿ ನೇರ ಉತ್ತರ ಇರುವ ಪ್ರಶ್ನೆ ಕೇಳುವಂತಿಲ್ಲ. ಸುಮ್ನೆ ಕೂರುತ್ತಿದ್ದ, ಪರೀಕ್ಷೆಯಲ್ಲಿ ಯಾವಾಗಲೂ ಹಿಂದಿದ್ದ ಹುಡುಗಿಯೊಬ್ಬಳು ಹುಲಿಯಾಗಿ ಕೂತಳು. ‘ಹಸು ವಾಪಸ್ ಬರುತ್ತೆ ಅಂತ ನಂಬಿದ್ದೆಯಾ?’ ಅಂತ ಕೇಳಿದರು. ‘ಇಲ್ಲ. ಸುಳ್ಳು ಹೇಳ್ತಿದ್ದಾಳೆ ಅಂತಲೇ ಅಂದಿದ್ದೆ. ಬಂದುಬಿಟ್ಟಳು. ನನಗೇ ನಾಚಿಕೆ ಆಯ್ತು.’ ‘ತಿನ್ನದೆ ಸುಮ್ಮನೆ ಕಳಿಸಬಹುದಿತ್ತಲ್ಲ, ಯಾಕೆ ಸತ್ತೆ?’ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ‘ಅಕ್ಕ ಅಂತ ಕರೆದೆನಲ್ಲ. ಅಕ್ಕನ್ನ ತಿನ್ನೋಕೆ ಹೊರಟಿದ್ದವನು ನಾನು ಅಂತ ಗೊತ್ತಾದ ಮೇಲೆ ಹೇಗೆ ಇರಲಿ?’ ಹಾಡಿನಲ್ಲಿ ಹುಲಿ ಪುಣ್ಯಕೋಟಿಯನ್ನು ಒಡಹುಟ್ಟಿದ ಅಕ್ಕ ಅನ್ನುವುದು ನಿಜ. ನಾಚಿಕೆ ಅನ್ನುವ ಮಾತು ಅಲ್ಲಿಲ್ಲ, ಅದು ಅವಳೇ ಕಂಡುಕೊಂಡದ್ದು. ಅವಳ ಉತ್ತರಪತ್ರಿಕೆಯಲ್ಲಿ ಇದರ ಸುಳಿವೂ ಸಿಕ್ಕಿರಲಿಲ್ಲ.

ಹಾಗಾದರೆ ಎಲ್ಲರನ್ನೂ ಕುರ್ಚಿಯಲ್ಲೇ ಕೂರಿಸಿದರಾಯ್ತಲ್ವಾ? ಆಗುವುದಿಲ್ಲ. ನಲವತ್ತು ಮಕ್ಕಳಿದ್ದರೆ ಸಮಯ ಸಾಲದು. ನಾಚುವ ಮಗುವಿಗೆ ಹಿಂಸೆ. ಮಾತುಗಾರ ಮಗು ಕಥೆ ಬಿಟ್ಟು ನಾಟಕ ಶುರು ಮಾಡಿಬಿಡುತ್ತದೆ, ಎಲ್ಲರೂ ನಕ್ಕರು ಅಂತ ನಾವೂ ಅಂಕ ಕೊಟ್ಟುಬಿಡುತ್ತೇವೆ. ಅದಕ್ಕೇ ಪ್ರತಿ ಉತ್ತರದ ನಂತರ ‘ಇದು ಎಲ್ಲಿಂದ ಗೊತ್ತಾಯ್ತು?’ ಅಂತ ಕೇಳಲೇಬೇಕು.

ಈಗ ನಾನು ಮಾಡುವುದು ಹೀಗೆ. ವರ್ಷದ ನಾಲ್ಕು ಎಫ್‌ಎಗಳ (ಪಾಠ ನಡೆಯುತ್ತಿರುವಾಗಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಮೂರು ಕಾಲಂನ ಪಟ್ಟಿಯನ್ನೇ ಇಟ್ಟುಕೊಂಡಿದ್ದೇನೆ. ಗುಣಕ್ಕೆ ಒಂದು ಅಂಕ, ಪುರಾವೆಗೆ ಎರಡು, ಕಾರಣಕ್ಕೆ ಎರಡು. ಪುರಾವೆ ಸರಿಯಿದ್ದರೆ ನನಗೆ ಒಪ್ಪಿಗೆಯಾಗದ ಗುಣಕ್ಕೂ ಪೂರ್ತಿ ಅಂಕ. ಪಟ್ಟಿ ಖಾಲಿ ಬಿಟ್ಟ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಕುರ್ಚಿ ಆಟಕ್ಕೆ ಕರೆಯುತ್ತೇನೆ, ಅವರು ಬಾಯಲ್ಲಿ ಹೇಳಿದ್ದನ್ನು ನಾನೇ ಪಟ್ಟಿಗೆ ಬರೆದುಕೊಳ್ಳುತ್ತೇನೆ. ಎರಡೇ ವಿಧಾನಕ್ಕೆ ಸಮಯವಿರುವ ಶಿಕ್ಷಕರಿಗೆ ನಾನು ಹೇಳುವುದೂ ಈ ಜೋಡಿಯನ್ನೇ.