ಸ್ಟೇಜ್ ಮೇಲೆ ಚಾರ್ಜರ್ ಕಿತ್ತಿದ್ದಕ್ಕೆ ನನ್ ಡ್ರಮ್ಸ್ ತಾಳ ತಪ್ತು, ಪ್ಯಾಡ್ ನುಡಿಸೋರು ಓದಿ

ಲ್ಯಾಪ್‌ಟಾಪಿಂದ ಡ್ರಮ್ ಸೌಂಡ್ ತೆಗೆದು ಲೈವ್ ನುಡಿಸೋರು, ನುಡಿಸ್ಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಒಂದಿಡೀ ಶೋ ನನ್ನಿಂದ ಹಾಳಾಯ್ತು, ಯಾಕಂತ ಸರಿಯಾಗಿ ಅರ್ಥ ಆಗಿದ್ದು ಆಮೇಲೆ ಎರಡು ದಿನ ಕೂತು ಒಂದೊಂದೇ ಬಿಡಿಸಿ ನೋಡಿದ್ಮೇಲೆ.

ನನ್ ಸೆಟ್ಟಲ್ಲಿ ಕಿಕ್, ಸ್ನೇರ್, ಟಾಮ್ ಡ್ರಮ್ಮುಗಳೆಲ್ಲಾ ಪ್ಯಾಡು (ಹೊಡೆದ್ರೆ ಸಿಗ್ನಲ್ ಮಾತ್ರ ಕಳಿಸೋ ಎಲೆಕ್ಟ್ರಾನಿಕ್ ತಟ್ಟೆ), ಹೈಹ್ಯಾಟ್ ಮತ್ತೆ ಸಿಂಬಲ್ ಅನ್ನೋ ಲೋಹದ ತಟ್ಟೆಗಳು ಮಾತ್ರ ನಿಜವಾದ್ದು. ಪ್ಯಾಡಿಂದ ಮಾಡ್ಯೂಲ್ (ಪೆಟ್ಟನ್ನ ಗುರುತಿಸೋ ಡಬ್ಬಿ), ಅಲ್ಲಿಂದ ಯುಎಸ್‌ಬಿ ಮಿಡಿ (ಯಾವ ಡ್ರಮ್, ಎಷ್ಟು ಜೋರು ಅನ್ನೋ ಸಂದೇಶ ಮಾತ್ರ), ಲ್ಯಾಪ್‌ಟಾಪ್ ಒಳಗೆ ಸೌಂಡ್ ಹುಟ್ಟಿಸೋ ಡ್ರಮ್ ಪ್ಲಗಿನ್, ಆಮೇಲೆ ಆ ಸೌಂಡನ್ನ ಹೊರಗೆ ಕಳಿಸೋ ಆಡಿಯೋ ಇಂಟರ್ಫೇಸ್, ಮಿಕ್ಸರ್. ಬಫರ್ ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ತಯಾರು ಮಾಡೋ ಸೌಂಡ್ ತುಣುಕುಗಳ (ಸ್ಯಾಂಪಲ್) ಲೆಕ್ಕ, ಚಿಕ್ಕದಾದ್ರೆ ತಡ ಕಮ್ಮಿ ಆದ್ರೆ ಪ್ರೊಸೆಸರಿಗೆ ಒತ್ತಡ ಜಾಸ್ತಿ, ದೊಡ್ಡದಾದ್ರೆ ಉಲ್ಟಾ. ಮನೇಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅಂತ) 44,100 ಹರ್ಟ್ಸ್‌ಗೆ ಬಫರ್ 64 ಇಟ್ಕೊಂಡು ತಿಂಗಳುಗಟ್ಲೆ ನುಡಿಸಿದೀನಿ, ಒಂದು ದಿನಾನೂ ತೊಂದರೆ ಕೊಟ್ಟಿರ್ಲಿಲ್ಲ.

ಶೋ ದಿನ ಕನೆಕ್ಟ್ ಮಾಡಿದ ತಕ್ಷಣ ಸ್ಪೀಕರಲ್ಲಿ ಗುಂಯ್ ಅಂತ ಹಮ್ ಶುರುವಾಯ್ತು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಹಮ್ ಹೋಗುತ್ತೆ ಅಂತ ಯಾರೋ ಅಂದ್ರು, ಕಿತ್ತೆ, ಹೋಯ್ತು. ಬ್ಯಾಟರಿಗೆ ಬಂದ ತಕ್ಷಣ ಲ್ಯಾಪ್‌ಟಾಪ್ ಪವರ್ ಉಳಿಸೋಕೆ ಪ್ರೊಸೆಸರ್ ಸ್ಪೀಡ್ ಇಳಿಸ್ಬಿಡುತ್ತೆ ಅನ್ನೋದು ಆಗ ನನ್ ತಲೆಗೆ ಬರ್ಲೇ ಇಲ್ಲ. ಐದು ನಿಮಿಷದಲ್ಲಿ ಚಟಪಟ ಅಂತ ಸೌಂಡ್ ಒಡೆಯೋಕೆ ಶುರು, ಅದಕ್ಕೆ ಬಫರ್ 512 ಮಾಡ್ದೆ, ಚಟಪಟ ನಿಲ್ತು, ಎಲ್ಲಾ ಸರಿಹೋಯ್ತು ಅನ್ಕೊಂಡೆ. ಸೌಂಡ್‌ಚೆಕ್‌ನಲ್ಲಿ ಹೊಡೆದಿದ್ದು ಬರೀ ಬಿಡಿ ಬಿಡಿ ಪೆಟ್ಟು, ಅದ್ರಲ್ಲಿ ತಡ ನಂಗೆ ಗೊತ್ತಾಗ್ಲಿಲ್ಲ.

ಮೊದಲ ಹಾಡಲ್ಲೇ ಗೊತ್ತಾಯ್ತು. ಹೈಹ್ಯಾಟ್ ನಿಜವಾದ್ದಲ್ವಾ, ಅದು ಹೊಡೆದ ತಕ್ಷಣ ಕೇಳುತ್ತೆ, ಸ್ನೇರ್ ಮಾತ್ರ ಆಮೇಲೆ ಬರ್ತಿದೆ, ಎರಡೂ ಒಟ್ಟಿಗೆ ಬೀಳ್ಬೇಕಾದ ಕಡೆ ಎಲ್ಲಾ ಫ್ಲ್ಯಾಮ್, ಅಂದ್ರೆ ಒಂದರ ಹಿಂದೆ ಒಂದು ಅಂತ ಎರಡು ಪೆಟ್ಟು. ಸ್ನೇರ್ ಸೌಂಡ್ ಕ್ಲಿಕ್ಕಿಗೆ (ತಾಳ ಹಿಡಿಯೋಕೆ ಕೇಳಿಸ್ಕೊಳ್ಳೋ ಟಿಕ್ ಟಿಕ್) ಕೂರ್ಲಿ ಅಂತ ನಾನು ಸ್ವಲ್ಪ ಮುಂಚೆ ಹೊಡೆಯೋಕೆ ಹೋದೆ, ಆಗ ಹೈಹ್ಯಾಟ್ ಮುಂದೆ ಓಡ್ತು, ಬೇಸ್ ನುಡಿಸೋ ಗೆಳೆಯ ಯಾವುದನ್ನ ಹಿಡಿಯೋದು ಗೊತ್ತಾಗದೆ ನನ್ ಕೈ ನೋಡ್ತಾ ನುಡಿಸಿದ. ಮೂರನೇ ಹಾಡಿನ ಮಧ್ಯ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕಾಯ್ತು, ಅವ್ರೆಲ್ಲಾ ಎಷ್ಟು ಪ್ರಾಕ್ಟೀಸ್ ಮಾಡಿದ್ರು ಅಂತ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ.

ಆ ಗಡಿಬಿಡೀಲಿ ಇಂಟರ್ಫೇಸ್ ಮೇಲಿರೋ ಡೈರೆಕ್ಟ್ ಮಾನಿಟರ್ ನಾಬ್ (ಕಂಪ್ಯೂಟರ್ ಸುತ್ತಿ ಬರದೆ ಸೌಂಡನ್ನ ನೇರವಾಗಿ ಕೇಳಿಸೋದು) ಕೂಡ ತಿರುಗಿಸಿದೆ. ಇದನ್ನ ಎಲ್ಲರೂ ತಿಳ್ಕೊಳ್ಳಿ, ಆ ನಾಬ್ ಮೈಕು ಗಿಟಾರಿಗೆ, ಅಂದ್ರೆ ಇಂಟರ್ಫೇಸ್ ಒಳಗೆ ಬರೋ ಸೌಂಡಿಗೆ ಮಾತ್ರ. ನಮ್ ಡ್ರಮ್ ಸೌಂಡ್ ಹುಟ್ಟೋದೇ ಕಂಪ್ಯೂಟರ್ ಒಳಗೆ, ಹಾಗಾಗಿ ಅದ್ರಿಂದ ಏನೂ ಪ್ರಯೋಜನ ಇಲ್ಲ.

ಈಗ ಲೆಕ್ಕ ನೋಡಿ. ಬಫರನ್ನ ಸ್ಯಾಂಪಲ್ ರೇಟಿಂದ ಭಾಗಿಸಿದ್ರೆ ಸಮಯ ಸಿಗುತ್ತೆ: 64 ಅಂದ್ರೆ ಸುಮಾರು 1.5 ಮಿಲಿಸೆಕೆಂಡ್, 128 ಅಂದ್ರೆ 2.9, 512 ಅಂದ್ರೆ 11.6. ಬರೀ 11.6 ತಾನೇ ಅನ್ನಿಸುತ್ತೆ, ಆದ್ರೆ ಮಿಡಿ ನೋಟ್ ಬಂದಾಗ ಆಗ್ಲೇ ಒಂದು ಬ್ಲಾಕ್ (ಒಂದು ಬಫರಿನಷ್ಟು ಸೌಂಡ್) ಕೆಲಸ ನಡೀತಿರುತ್ತೆ, ನಮ್ ನೋಟ್ ಮುಂದಿನ ಬ್ಲಾಕಿಗೆ ಕಾಯ್ಬೇಕು, ಕೆಲವು ಸಲ ಪೂರ್ತಿ ಇನ್ನೊಂದು ಬಫರಿನಷ್ಟು. ಇದರ ಮೇಲೆ ಮಾಡ್ಯೂಲ್ ಪೆಟ್ಟನ್ನ ಗುರುತಿಸೋ ಸ್ಕ್ಯಾನ್ ಟೈಮ್, ಡ್ರೈವರ್ (ಇಂಟರ್ಫೇಸನ್ನ ಕಂಪ್ಯೂಟರಿಗೆ ಜೋಡಿಸೋ ಸಾಫ್ಟ್‌ವೇರ್) ತಾನೇ ಇಟ್ಕೊಳ್ಳೋ ಹೆಚ್ಚುವರಿ ಬಫರ್, ಡಿಜಿಟಲ್ ಸೌಂಡನ್ನ ಅನಲಾಗ್ ಮಾಡೋ ಕನ್ವರ್ಟರ್, ಮಿಕ್ಸರ್, ಎಲ್ಲದರ ತಡಾನೂ ಸೇರುತ್ತೆ. ಸಾಲ್ದೂ ಅಂತ ನಾನು ಲ್ಯಾಪ್‌ಟಾಪಿನ ಮಾಸ್ಟರಲ್ಲಿ (ಎಲ್ಲಾ ಸೌಂಡ್ ಸೇರಿ ಹೊರಡೋ ಕಡೆ) ಲುಕ್‌ಅಹೆಡ್ ಇರೋ ಲಿಮಿಟರ್ (ಸೌಂಡ್ ಮಿತಿ ಮೀರದ ಹಾಗೆ ತಡೆಯೋದು) ಹಾಕಿದ್ದೆ, ಅದು ಮುಂದೆ ಬರೋದನ್ನ ನೋಡ್ಬೇಕು ಅಂದ್ರೆ ಸೌಂಡನ್ನ ತಡೆದು ಇಟ್ಕೊಳ್ಳೇಬೇಕು, ಅದೊಂದರಿಂದಲೇ 5 ಮಿಲಿಸೆಕೆಂಡ್.

ಮನೆಗೆ ಬಂದು ಅದೇ ಸೆಟ್ಟಿಂಗಲ್ಲಿ ಅಳೆದೆ. ಪ್ಯಾಡ್ ಪಕ್ಕದಲ್ಲೇ ಒಂದು ಮೈಕ್ ಇಟ್ಟು, ಇಂಟರ್ಫೇಸ್ ಔಟ್‌ಪುಟ್ಟನ್ನೂ ಆ ಮೈಕನ್ನೂ ಬೇರೆ ರೆಕಾರ್ಡರಿನ ಎರಡು ಟ್ರ್ಯಾಕಿಗೆ ಹಾಕಿ, ಸ್ಟಿಕ್ ತಾಗಿದ ಟಪ್ ಸೌಂಡಿಗೂ ಸ್ನೇರ್ ಸೌಂಡಿಗೂ ಎಷ್ಟು ಅಂತರ ಅಂತ ವೇವ್‌ಫಾರ್ಮಲ್ಲಿ ನೋಡೋದು, ಅಷ್ಟೇ. ಒಂದು ಪೆಟ್ಟಿಗೆ 24 ಮಿಲಿಸೆಕೆಂಡ್, ಇನ್ನೊಂದಕ್ಕೆ 33. ಸಾಫ್ಟ್‌ವೇರಲ್ಲಿ ತೋರಿಸ್ತಿದ್ದಿದ್ದು 13! ಆ ನಂಬರನ್ನ ನಂಬ್ಬೇಡಿ, ಅದಕ್ಕೆ ಪ್ಯಾಡು ಮಾಡ್ಯೂಲಿನ ವಿಷಯ ಗೊತ್ತೇ ಇರಲ್ಲ.

ಸ್ಪೀಕರಿಂದ 3 ಮೀಟರ್ ದೂರ ಕೂತ್ರೂ ಸೌಂಡ್ ಬರೋಕೆ ಸುಮಾರು 9 ಮಿಲಿಸೆಕೆಂಡ್ ಆಗುತ್ತೆ, ಅದನ್ನ ಎಲ್ಲರೂ ಸಹಿಸ್ಕೊಳ್ತಾರಲ್ಲ ಅಂತ ಕೆಲವರು ಹೇಳ್ತಾರೆ. ನಿಜ, ಆದ್ರೆ ಅದು ಪ್ರತಿ ಪೆಟ್ಟಿಗೂ ಅಷ್ಟೇ ಇರುತ್ತೆ, ಕೈ ಒಗ್ಗಿಕೊಳ್ಳುತ್ತೆ. ಒಮ್ಮೆ 24 ಒಮ್ಮೆ 33 ಆದ್ರೆ ಯಾವ ಕೈಯೂ ಒಗ್ಗಲ್ಲ, ನನ್ನ ಕೆಡಿಸಿದ್ದು ತಡಕ್ಕಿಂತ ಈ ಏರುಪೇರೇ.

ಈಗ ಚಾರ್ಜರ್ ಕೀಳೋದೇ ಇಲ್ಲ. ಹಮ್ ಬಂದ್ರೆ ಗ್ರೌಂಡ್ ಲಿಫ್ಟ್ (ಆಡಿಯೋ ಕೇಬಲಿನ ಗ್ರೌಂಡ್ ಮಾತ್ರ ಬಿಡಿಸೋ ಸ್ವಿಚ್) ಇರೋ ಡಿಐ ಬಾಕ್ಸ್ (ಇಂಟರ್ಫೇಸ್ ಮಿಕ್ಸರ್ ಮಧ್ಯೆ ಹಾಕೋ ಡಬ್ಬಿ), ಹಮ್ ಹಿಡಿಯದ ಬ್ಯಾಲೆನ್ಸ್ಡ್ ಕೇಬಲ್ (ಪ್ಲಗ್ಗಿನ ಅರ್ಥ್ ಪಿನ್ ತೆಗೆಯೋ ಬುದ್ಧಿ ಮಾತ್ರ ಯಾರೂ ಮಾಡ್ಬೇಡಿ, ಜೀವಕ್ಕೇ ಅಪಾಯ). ಪವರ್ ಸೆಟ್ಟಿಂಗ್ ಹೈ ಪರ್ಫಾರ್ಮೆನ್ಸಲ್ಲಿ, ವೈಫೈ ಆಫ್, ಇಂಟರ್ಫೇಸ್ ಕಂಪನೀದೇ ಡ್ರೈವರ್, ಲಿಮಿಟರ್ ಬೇಕಿದ್ರೆ ಮಿಕ್ಸರಲ್ಲಿ. ಬಫರ್ 64, ತುಂಬಾ ಅಂದ್ರೆ 128, ಅದಕ್ಕೂ ಚಟಪಟ ಬಂದ್ರೆ ಬಫರ್ ಮುಟ್ಟದೆ ಪ್ಲಗಿನ್ನಲ್ಲಿ ಕಂಪ್ಯೂಟರಿಗೆ ಹಗುರವಾದ ಚಿಕ್ಕ ಡ್ರಮ್ ಕಿಟ್ ಲೋಡ್ ಮಾಡ್ತೀನಿ. ಸೌಂಡ್‌ಚೆಕ್‌ನಲ್ಲಿ ಸ್ನೇರ್ ಹೈಹ್ಯಾಟ್ ಒಟ್ಟಿಗೆ ಬೀಳೋ ಒಂದು ಬೀಟನ್ನ ಎರಡು ನಿಮಿಷ ನುಡಿಸದೆ ಓಕೆ ಅನ್ನಲ್ಲ.

ಇನ್ನೊಂದು, ಮಾಡ್ಯೂಲಲ್ಲೇ ಸೌಂಡ್ ಇದ್ರೆ ಅದರ ಔಟ್‌ಪುಟ್ಟನ್ನೂ ಮಿಕ್ಸರಲ್ಲಿ ಒಂದು ಚಾನೆಲಿಗೆ ಹಾಕಿ ಮ್ಯೂಟ್ ಮಾಡಿಟ್ಟಿರಿ, ಲ್ಯಾಪ್‌ಟಾಪ್ ಕೈಕೊಟ್ಟ ಕ್ಷಣ ತೆರೆದ್ರೆ ಆಯ್ತು. ಅವತ್ತು ಆ ಕೇಬಲ್ ನನ್ ಬ್ಯಾಗಲ್ಲೇ ಇತ್ತು.