ಸ್ಟೀಲ್ ಗಿಟಾರಿಗೆ ಟ್ಯೂನರ್: ಹಸಿರು ದೀಪವನ್ನಷ್ಟೇ ನಂಬಿ ಕೊಳ್ಳಬೇಡಿ

ನನ್ನ ಆರು ತಂತಿಯ ಹವಾಯಿಯನ್ ಗಿಟಾರನ್ನು, ಅಂದರೆ ಮಡಿಲ ಮೇಲಿಟ್ಟು ಉಕ್ಕಿನ ಬಾರಿನಿಂದ ನುಡಿಸುವ ಸ್ಟೀಲ್ ಗಿಟಾರನ್ನು, ನಾನು ಹಳೆಯ ಎ ಮೇಜರ್ ಶ್ರುತಿಯಲ್ಲಿಯೇ ಇಟ್ಟುಕೊಂಡಿದ್ದೇನೆ. ದಪ್ಪ ತಂತಿಯಿಂದ ಆರಂಭಿಸಿದರೆ ಇ, ಎ, ಇ, ಎ, ಸಿ ಶಾರ್ಪ್, ಇ; ನಮ್ಮ ಲೆಕ್ಕದಲ್ಲಿ ಪ, ಸ, ಪ, ಸ, ಗ, ಪ. ಕೆಲವು ವರ್ಷಗಳ ಹಿಂದೆ ಮೊದಲ ಬಾರಿಗೆ ಒಂದು ಕ್ಲಿಪ್ ಟ್ಯೂನರ್ (ವಾದ್ಯಕ್ಕೆ ಕಚ್ಚಿಸಿ, ತಂತಿಯ ಶ್ರುತಿ ಕೂಡಿದೆಯೇ ಎಂದು ನೋಡುವ ಯಂತ್ರ) ಕೊಂಡು, ಆರೂ ತಂತಿಗಳಿಗೆ ಹಸಿರು ದೀಪ ಬರುವವರೆಗೆ ಬಿರಡೆ ತಿರುಗಿಸಿ, ತೆಳುವಾದ ಮೂರು ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದ ನೆಟ್ಟಗೆ ನಿಲ್ಲದೆ ನಡುಗತೊಡಗಿತು. ಯಂತ್ರವೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹಿಂತಿರುಗಿಸಲು ಹೊರಟಿದ್ದೆ. ಹೊರಡುವ ಮುನ್ನ ಎಲೆಕ್ಟ್ರಾನಿಕ್ ತಂಬೂರಿಯನ್ನು ಎ ಶ್ರುತಿಗೆ ಹಾಕಿ, ಗಾಂಧಾರದ ತಂತಿಯೊಂದನ್ನು ಕಿವಿಯಿಂದಲೇ ಕೂದಲೆಳೆಯಷ್ಟು ಇಳಿಸಿ ನೋಡಿದೆ. ನಡುಕ ನಿಂತಿತು, ಟ್ಯೂನರಿನಲ್ಲಿ ಮಾತ್ರ ಕೆಂಪು ದೀಪ ಹತ್ತಿತು.

ಯಂತ್ರ ಕೆಟ್ಟಿರಲಿಲ್ಲ. ಎ ತಂತಿ ಸೆಕೆಂಡಿಗೆ 220 ಬಾರಿ ಕಂಪಿಸುವಾಗ ಅದರೊಂದಿಗೆ ಪೂರ್ತಿ ಬೆರೆಯುವ ಅಂತರ ಗಾಂಧಾರ 5:4ರ ಅನುಪಾತದಲ್ಲಿ 275 ಹರ್ಟ್ಸ್ ಆಗುತ್ತದೆ. ಟ್ಯೂನರ್ ಹಸಿರು ತೋರಿಸುವ ಸಿ ಶಾರ್ಪ್ ಮಾತ್ರ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದಾಗ ಸಿಗುವ 277.18 ಹರ್ಟ್ಸ್‌ನದು. ವ್ಯತ್ಯಾಸ ಸುಮಾರು 14 ಸೆಂಟ್, ಅಂದರೆ ಅರ್ಧಸ್ವರದ ಏಳನೆಯ ಒಂದು ಪಾಲು. ಎ ತಂತಿಯ ಐದನೆಯ ಉಪಸ್ವರ 1100 ಹರ್ಟ್ಸ್‌ಗೆ, ಸಿ ಶಾರ್ಪ್‌ನ ನಾಲ್ಕನೆಯ ಉಪಸ್ವರ 1108.7ಕ್ಕೆ ಬೀಳುವುದರಿಂದ ಅವೆರಡರ ನಡುವೆ ಸೆಕೆಂಡಿಗೆ ಒಂಬತ್ತರ ಹತ್ತಿರದಷ್ಟು ಬಡಿತಗಳು ಹುಟ್ಟುತ್ತವೆ. ನಾನು ಕೇಳಿದ ನಡುಕ ಅದೇ. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಾಮಾನ್ಯ ಗಿಟಾರಿನವರು ಈ ನಡುಕವನ್ನು ಸಹಿಸಿಕೊಳ್ಳಲೇಬೇಕು, ಏಕೆಂದರೆ ಮೆಟ್ಟಿಲುಗಳನ್ನು ಸಮಭಾಗದ ಲೆಕ್ಕದಲ್ಲಿಯೇ ಕೂರಿಸಿರುತ್ತಾರೆ ಮತ್ತು ಒಂದು ಸ್ವರಮೇಳಕ್ಕೆ ಹೊಂದುವಂತೆ ತಂತಿ ಇಳಿಸಿದರೆ ಇನ್ನೊಂದು ಸ್ವರಮೇಳ ಕೆಡುತ್ತದೆ. ಸ್ಟೀಲ್ ಗಿಟಾರಿನಲ್ಲಿ ಮೆಟ್ಟಿಲುಗಳೇ ಇಲ್ಲ. ಉಕ್ಕಿನ ಬಾರನ್ನು ನೇರವಾಗಿ ಅಡ್ಡ ಇಟ್ಟಾಗ ಬಿಡುತಂತಿಗಳ ನಡುವಿನ ಅನುಪಾತವೇ ಎಲ್ಲ ಸ್ಥಾನಗಳಿಗೂ ಹಾಗೆಯೇ ಹೋಗುತ್ತದೆ. ಶ್ರುತಿ ಮಾಡುವಾಗ ಉಳಿದ ತಪ್ಪೂ ಅದರ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ಈ ವಾದ್ಯಕ್ಕೆ ಬೇಕಾದ ಟ್ಯೂನರ್ ‘ಸರಿ’ ಅಥವಾ ‘ತಪ್ಪು’ ಎಂದು ತೀರ್ಪು ಕೊಡುವಂಥದ್ದಲ್ಲ, ನಾವು ಬೇಕೆಂದೇ ಇಳಿಸುವ 14 ಸೆಂಟನ್ನು ನಿಖರವಾಗಿ ಅಳೆದು ತೋರಿಸುವಂಥದ್ದು. ನಾನು ಬಳಸಿ ನೋಡಿದ ಟ್ಯೂನರುಗಳನ್ನು ಈ ಒಂದು ಮಾನದಂಡದಿಂದಲೇ ಅಳೆದಿದ್ದೇನೆ. ಬಣ್ಣ, ಪರದೆಯ ಅಂದ, ಪೆಟ್ಟಿಗೆಯ ಮೇಲಿನ ಹೊಗಳಿಕೆ ಇವುಗಳಿಗೆ ನನ್ನಲ್ಲಿ ಅಂಕಗಳಿಲ್ಲ.

ಕೆಲವು ನೂರು ರೂಪಾಯಿಗಳಿಗೆ ಸಿಗುವ ಕ್ಲಿಪ್ ಟ್ಯೂನರುಗಳ ಅನುಕೂಲ ನಿಜವೇ. ಅವು ಜೇಬಿನಲ್ಲಿ ಹಿಡಿಸುತ್ತವೆ, ತಂತಿಯ ಕಂಪನವನ್ನು ಮರದಿಂದಲೇ ಹಿಡಿಯುವುದರಿಂದ ಸುತ್ತಲಿನ ಮಾತುಕತೆ ಅವನ್ನು ಬಾಧಿಸುವುದಿಲ್ಲ. ಆದರೆ ಪರದೆಯ ಒಂದೊಂದು ಗೆರೆ ಎಷ್ಟು ಸೆಂಟಿಗೆ ಸಮ ಎಂಬುದನ್ನು ಹೆಚ್ಚಿನವು ಹೇಳುವುದಿಲ್ಲ, ಹಾಗಾಗಿ 14 ಸೆಂಟ್ ಇಳಿಸಬೇಕೆಂದರೆ ಅಂದಾಜಿನ ಮೇಲೆಯೇ ನಿಲ್ಲಿಸಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂರು ಸೆಂಟ್ ತಪ್ಪಿದರೂ ಸೆಕೆಂಡಿಗೆ ಎರಡು ಬಡಿತಗಳು ಉಳಿಯುತ್ತವೆ, ನಿಧಾನಗತಿಯ ಹಾಡಿನಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಮೊದಲ ಕ್ಲಿಪ್ ಒಂದು ಆರತಕ್ಷತೆಯ ವೇದಿಕೆಯ ಮೇಲೆ ಇನ್ನೊಂದು ಪಾಠವನ್ನೂ ಕಲಿಸಿತು: ಕೀಬೋರ್ಡಿನವರು ಮಂದ್ರದ ಸ್ವರವೊಂದನ್ನು ಒತ್ತಿ ಹಿಡಿದಾಗ ಛತ್ರದ ಹಲಗೆಯ ವೇದಿಕೆ ನಡುಗಿ, ಆ ನಡುಕ ಕುರ್ಚಿಯಿಂದ ನನ್ನ ಮಡಿಲಿಗೂ ಮಡಿಲಿನಿಂದ ಗಿಟಾರಿಗೂ ಏರಿ, ನಾನು ಮೀಟದ ತಂತಿಯ ಹೆಸರನ್ನು ಪರದೆ ತೋರಿಸುತ್ತಿತ್ತು. ಅದೇ ಕ್ಲಿಪ್‌ನ ಗುಂಡುಕೀಲು ಆರನೆಯ ತಿಂಗಳಲ್ಲಿ ಮುರಿಯಿತು. ರಬ್ಬರ್ ಬ್ಯಾಂಡ್ ಸುತ್ತಿ ಇನ್ನೂ ಒಂದು ವರ್ಷ ದೂಡಿದೆ ಎಂಬುದು ಬೇರೆ ಮಾತು.

ಕೈಯಲ್ಲಿ ಹಿಡಿಯುವ, ಮುಳ್ಳು ತೋರಿಸುವ ಟ್ಯೂನರುಗಳು ಹಳೆಯವು ಎಂದು ಅವನ್ನು ತಳ್ಳಿಹಾಕುವಂತಿಲ್ಲ. ಕೊರ್ಗ್ ಕಂಪನಿ 1975ರಲ್ಲಿ ಡಬ್ಲ್ಯೂಟಿ-10 ಎಂಬ ಕೈಟ್ಯೂನರನ್ನು ತಂದಾಗಿನಿಂದ ಈ ಬಗೆ ಬದುಕಿಕೊಂಡು ಬಂದಿದೆ. ಈಗಿನ ಸಿಎ-2ನಂಥ ಸಣ್ಣ ಮಾದರಿಗಳಲ್ಲಿ ಮೈಕ್ ಮತ್ತು ಕೇಬಲ್ ಚುಚ್ಚುವ ಜ್ಯಾಕ್ ಎರಡೂ ಇವೆ, ಎ ಸ್ವರದ ಆಧಾರವನ್ನು ಒಂದೊಂದೇ ಹರ್ಟ್ಸ್‌ನಷ್ಟು ಏರಿಳಿಸಬಹುದು. ಸ್ಟೀಲ್ ವಾದಕರಿಗೆ ಬೇಕಾದದ್ದು ಈ ಕೊನೆಯ ಸೌಲಭ್ಯ. ಆಧಾರವನ್ನು 440ರಲ್ಲಿಟ್ಟು (220ರ ಇಮ್ಮಡಿ, ಮೇಲಿನ ಸ್ಥಾಯಿಯ ಎ) ಷಡ್ಜ, ಪಂಚಮಗಳನ್ನು ಕೂಡಿಸಿ, ಅನಂತರ 436ಕ್ಕೆ ಇಳಿಸಿ ಗಾಂಧಾರದ ತಂತಿಯನ್ನು ಮುಳ್ಳು ನಡುವೆ ನಿಲ್ಲುವಂತೆ ಕೂಡಿಸಿದರೆ ಅದು ಸುಮಾರು 16 ಸೆಂಟ್ ಕೆಳಗಿರುತ್ತದೆ. 437ರಲ್ಲಿ ಕೂಡಿಸಿದರೆ 12 ಸೆಂಟ್ ಕೆಳಗಿರುತ್ತದೆ. ನಮಗೆ ಬೇಕಾದ ಬಿಂದು ಇವೆರಡರ ನಡುವೆ ಇರುವುದರಿಂದ ಕೊನೆಯ ಎರಡು ಸೆಂಟನ್ನು ಕಿವಿಗೆ ಬಿಡಬೇಕು. ಅಮೆರಿಕದ ಪೆಡಲ್ ಸ್ಟೀಲ್ (ಪೆಡಲ್ ತುಳಿದು ತಂತಿಯ ಶ್ರುತಿ ಬದಲಿಸುವ ಸ್ಟೀಲ್ ಗಿಟಾರ್) ಗುರು ಜೆಫ್ ನ್ಯೂಮನ್ ತಮ್ಮ ಶಿಷ್ಯರಿಗೆ ಕೊಟ್ಟ ಪ್ರಸಿದ್ಧ ಪಟ್ಟಿಯೂ ಪ್ರತಿ ತಂತಿಗೆ ಇಂತಿಷ್ಟು ಹರ್ಟ್ಸ್ ಎಂಬ ಇದೇ ಕ್ರಮದ್ದು. ಅಗ್ಗದ ಯಂತ್ರದಿಂದ ಸೂಕ್ಷ್ಮ ಕೆಲಸ ತೆಗೆಯುವ ಈ ಉಪಾಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ತೊಂದರೆಯೆಂದರೆ ಒಂದು ಶ್ರುತಿ ಮುಗಿಸಲು ಗುಂಡಿಯನ್ನು ಎಂಟು ಸಲ ಒತ್ತಬೇಕು, ಮತ್ತು 440ಕ್ಕೆ ಹಿಂತಿರುಗಿಸುವುದನ್ನು ಮರೆತರೆ ಮುಂದಿನ ಹಾಡಿಗೆ ಇಡೀ ವಾದ್ಯವೇ ಕೆಳಗಿಳಿದಿರುತ್ತದೆ. ಇದೂ ನನಗೆ ಆಗಿದೆ.

ಎಲ್ಲ ತಂತಿಗಳನ್ನೂ ಒಮ್ಮೆಗೇ ಮೀಟಿ ನೋಡಬಹುದೆಂಬ ಪಾಲಿಟ್ಯೂನ್ ಬಗೆಯ ಜಾಣತನ ಸಾಮಾನ್ಯ ಗಿಟಾರಿನ ಶ್ರುತಿಯನ್ನು ಆಧರಿಸಿದ್ದು. ನಮ್ಮ ಪ-ಸ-ಪ-ಸ-ಗ-ಪಕ್ಕೆ ಅದು ಒದಗುವುದಿಲ್ಲವಾದ್ದರಿಂದ ಅದಕ್ಕಾಗಿ ಹೆಚ್ಚಿನ ಹಣ ತೆರಬೇಕಾಗಿಲ್ಲ.

ಸ್ಟ್ರೋಬ್ ಟ್ಯೂನರಿನದು ಬೇರೆಯೇ ದಾರಿ. ಅದರಲ್ಲಿ ಮುಳ್ಳೂ ಇಲ್ಲ, ಹಸಿರು ಕೆಂಪಿನ ತೀರ್ಪೂ ಇಲ್ಲ. ಪಟ್ಟೆಗಳು ಒಂದು ಕಡೆಗೆ ಹರಿದರೆ ಸ್ವರ ಮೇಲಿದೆ, ಇನ್ನೊಂದು ಕಡೆಗೆ ಹರಿದರೆ ಕೆಳಗಿದೆ, ನಿಂತರೆ ಕೂಡಿದೆ. ಅಮೆರಿಕದ ಪೀಟರ್ಸನ್ ಕಂಪನಿಯ ಸ್ಟ್ರೋಬೋಕ್ಲಿಪ್ ಎಚ್‌ಡಿ ನನ್ನ ಬಳಿ ಎರಡು ವರ್ಷಗಳಿಂದ ಇದೆ. ತಯಾರಕರು ಹೇಳುವ ಸೂಕ್ಷ್ಮತೆ 0.1 ಸೆಂಟ್, ಮನುಷ್ಯನ ಕಿವಿ ಕೇಳುವುದಕ್ಕಿಂತ ಅದು ಎಷ್ಟೋ ಹೆಚ್ಚು. ಅದಕ್ಕಿಂತ ನನಗೆ ಮುಖ್ಯವಾದದ್ದು ಅದರಲ್ಲಿ ಮೊದಲೇ ತುಂಬಿಟ್ಟಿರುವ ಶ್ರುತಿಪಟ್ಟಿಗಳು. ಮಡಿಲ ಮೇಲಿನ ಲ್ಯಾಪ್ ಸ್ಟೀಲ್, ಲೋಹದ ತಟ್ಟೆಯಿಂದ ನಾದ ಹೆಚ್ಚಿಸುವ ಡೋಬ್ರೋ ಗಿಟಾರ್, ಪೆಡಲ್ ಸ್ಟೀಲ್‌ಗಳಿಗೆ ಪ್ರತ್ಯೇಕ ಪಟ್ಟಿಗಳಿದ್ದು, ಆಯಾ ತಂತಿಯ ಇಳಿಕೆಯನ್ನು ಯಂತ್ರವೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಂಧಾರದ ಪಟ್ಟೆ ನಿಂತಿತೆಂದರೆ ಅದು ಸರಿಯಾಗಿ ಇಳಿದು ನಿಂತಿದೆ ಎಂದರ್ಥ. ಸಿ, ಇ, ಜಿ, ಎ ಸ್ವರಗಳ ಸಿ6 ಶ್ರುತಿ ಬಳಸುವವರಿಗಂತೂ ಇದು ದೊಡ್ಡ ಉಪಕಾರ, ಏಕೆಂದರೆ ಅಲ್ಲಿ ಸಿ ಷಡ್ಜವಾದಾಗ ಇ 14 ಸೆಂಟ್, ಎ ಸುಮಾರು 16 ಸೆಂಟ್ ಇಳಿಯಬೇಕು, ಜಿ ಎರಡು ಸೆಂಟ್ ಏರಬೇಕು. ಇಷ್ಟನ್ನೂ ನೆನಪಿಟ್ಟುಕೊಂಡು ಗುಂಡಿ ಒತ್ತುತ್ತಾ ಕೂರುವ ತಾಳ್ಮೆ ಕಾರ್ಯಕ್ರಮದ ದಿನ ಯಾರಿಗಿರುತ್ತದೆ?

ಈ ಸೂಕ್ಷ್ಮತೆಯೇ ಮೊದಲ ವಾರ ನನ್ನನ್ನು ಕಾಡಿತು. ಜೋರಾಗಿ ಮೀಟಿದ ತಂತಿ ಮೊದಲ ಕ್ಷಣದಲ್ಲಿ ಕೊಂಚ ಏರಿ ಅನಂತರ ಇಳಿಯುತ್ತದೆ. ಅಗ್ಗದ ಟ್ಯೂನರ್ ಗಮನಿಸದ ಆ ಏರಿಳಿತವನ್ನು ಸ್ಟ್ರೋಬ್ ಪೂರ್ತಿ ತೋರಿಸುವುದರಿಂದ ಪಟ್ಟೆಗಳು ನಿಲ್ಲುವುದೇ ಇಲ್ಲವೆನಿಸುತ್ತದೆ. ಹೆಬ್ಬೆರಳಿನ ಮಾಂಸದಿಂದ ಮೃದುವಾಗಿ ಮೀಟಿ, ಒಂದು ಕ್ಷಣ ಕಾದು ನೋಡುವುದನ್ನು ರೂಢಿಸಿಕೊಂಡ ಮೇಲೆ ಸಮಾಧಾನವಾಯಿತು. ಹನ್ನೆರಡನೆಯ ಗೆರೆಯ ಮೇಲೆ ಬೆರಳು ತಾಗಿಸಿ ಹೊಮ್ಮಿಸುವ ಉಪಸ್ವರವನ್ನು ತೋರಿಸಿದರೆ ದಪ್ಪ ತಂತಿಗಳನ್ನೂ ಅದು ಬೇಗ ಗುರುತಿಸುತ್ತದೆ.

ಹತ್ತು ತಂತಿಯ ಪೆಡಲ್ ಸ್ಟೀಲ್ ಇಟ್ಟುಕೊಂಡಿರುವವರು ಕ್ಲಿಪ್‌ನ ಆಸೆಯನ್ನೇ ಬಿಡುವುದು ಒಳ್ಳೆಯದು. ಗೆಳೆಯರೊಬ್ಬರ ವಾದ್ಯದ ಮುಂದೆ ಎರಡು ಮಧ್ಯಾಹ್ನ ಕುಳಿತು ನೋಡಿದೆ: ಕ್ಲಿಪ್ ಕಚ್ಚಿಕೊಳ್ಳಲು ತಕ್ಕ ಜಾಗವಿಲ್ಲ, ಕಚ್ಚಿಸಿದರೂ ಪರದೆ ವಾದಕನ ಕಡೆಗೆ ತಿರುಗುವುದಿಲ್ಲ. ಅಲ್ಲಿ ಕೆಲಸವೂ ಇಮ್ಮಡಿ. ಬಿಡುತಂತಿಯನ್ನು ಕೂಡಿಸಿದ ಮೇಲೆ ಪ್ರತಿ ಪೆಡಲನ್ನೂ ಮೊಣಕಾಲಿನ ಸನ್ನೆಯನ್ನೂ ಒತ್ತಿ, ಅದು ಎಳೆದ ತಂತಿ ಎಲ್ಲಿಗೆ ಬಂತೆಂದು ನೋಡಬೇಕು. ಪೆಡಲ್ ತುಳಿದಾಗ ವಾದ್ಯದ ಮೈ ಒಂದಿಷ್ಟು ಬಾಗಿ, ಎಳೆಯದ ತಂತಿಗಳೂ ಕೆಲವು ಸೆಂಟ್ ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂಥವರಿಗೆ ಜ್ಯಾಕ್ ಇರುವ, ಮೇಜಿನ ಮೇಲೆ ನಿಲ್ಲುವ ಯಂತ್ರವೇ ಬೇಕು. ಪೀಟರ್ಸನ್‌ನದೇ ಸ್ಟ್ರೋಬೋಪ್ಲಸ್ ಎಚ್‌ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಪಿಕಪ್‌ನಿಂದ ನೇರವಾಗಿ ಸಂಕೇತ ತೆಗೆದುಕೊಳ್ಳುತ್ತದೆ, ಯುಎಸ್‌ಬಿಯಿಂದ ಚಾರ್ಜ್ ಆಗುತ್ತದೆ, ನಮ್ಮದೇ ಇಳಿಕೆಗಳ ಪಟ್ಟಿಯನ್ನು ಬರೆದು ತುಂಬಬಹುದು. ಬೆಲೆ ಮಾತ್ರ ಕ್ಲಿಪ್‌ಗಿಂತ ಬಹಳ ಮೇಲೆ.

ಮೋಹನವೀಣೆಯಂಥ ತರಬ್ ತಂತಿಗಳಿರುವ ವಾದ್ಯಗಳ ಬಗ್ಗೆಯೂ ಕೆಲವರು ನನ್ನನ್ನು ಕೇಳಿದ್ದಾರೆ. ವಿಶ್ವಮೋಹನ ಭಟ್ ಅವರು ರೂಪಿಸಿದ ಆ ವಾದ್ಯದಲ್ಲಿ ಮುಖ್ಯ ತಂತಿ ಮೀಟಿದೊಡನೆ ಕೆಳಗಿನ ತಂತಿಗಳೂ ಅನುರಣಿಸುವುದರಿಂದ ಎಷ್ಟು ದುಬಾರಿ ಟ್ಯೂನರಿಗೂ ಗೊಂದಲವಾಗುತ್ತದೆ. ಮಡಿಸಿದ ಕರವಸ್ತ್ರವೊಂದನ್ನು ತರಬ್‌ಗಳಿಗೆ ತಾಗಿಸಿಟ್ಟು ಮುಖ್ಯ ತಂತಿಗಳನ್ನು ಮೊದಲು ಕೂಡಿಸುವುದು ಸರಳ ಪರಿಹಾರ.

ಇನ್ನೊಂದು ಮಾತನ್ನು ಹೇಳದಿದ್ದರೆ ಕೊಳ್ಳುವವರಿಗೆ ಅನ್ಯಾಯವಾದೀತು. ಕೀಬೋರ್ಡ್ ಸಮಭಾಗದ ಶ್ರುತಿಯಲ್ಲಿರುತ್ತದೆ. ಪೂರ್ತಿ 14 ಸೆಂಟ್ ಇಳಿಸಿದ ಗಾಂಧಾರ ಒಂಟಿಯಾಗಿ ನುಡಿಸುವಾಗ ಜೇನಿನಂತಿದ್ದರೂ ಕೀಬೋರ್ಡಿನ ಗಾಂಧಾರದ ಪಕ್ಕದಲ್ಲಿ ತಗ್ಗಿದಂತೆ ಕೇಳುತ್ತದೆ. ಆದ್ದರಿಂದ ಆರ್ಕೆಸ್ಟ್ರಾದಲ್ಲಿ ಹಳೆಯ ಚಿತ್ರಗೀತೆಗಳನ್ನು ನುಡಿಸುವಾಗ ನಾನು ಏಳೆಂಟು ಸೆಂಟ್ ಮಾತ್ರ ಇಳಿಸುತ್ತೇನೆ, ಮನೆಯಲ್ಲಿ ತಂಬೂರಿಯೊಂದಿಗೆ ಕುಳಿತಾಗ ಪೂರ್ತಿ ಇಳಿಸುತ್ತೇನೆ. ತುಂಬಿಟ್ಟ ಶ್ರುತಿಪಟ್ಟಿ ಇಂಥ ರಾಜಿಯನ್ನು ಬಲ್ಲದು ಎಂದುಕೊಳ್ಳಬೇಡಿ. ಆಗ ಪಟ್ಟಿಯನ್ನು ಬಿಟ್ಟು ಸಾಮಾನ್ಯ ವಿಧಾನಕ್ಕೆ ಹೋಗಿ, ಪಟ್ಟೆಗಳು ಸ್ವರ ಕೆಳಗಿದೆ ಎಂದು ತೋರಿಸುವ ಕಡೆಗೆ ನಿಧಾನವಾಗಿ ಹರಿಯುವಂತೆ ತಂತಿಯನ್ನು ನಿಲ್ಲಿಸಬೇಕಾಗುತ್ತದೆ.

ಹೊಸಬರು ಮೊದಲು ಪೀಟರ್ಸನ್ ಕಂಪನಿಯದೇ ಐಸ್ಟ್ರೋಬೋಸಾಫ್ಟ್ ಎಂಬ ಫೋನ್ ಆ್ಯಪ್‌ನಿಂದ ಮನೆಯಲ್ಲಿ ಅಭ್ಯಾಸ ಮಾಡಿ, ಸ್ಟ್ರೋಬ್ ತಮ್ಮ ಕಣ್ಣಿಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಲಿ. ವೇದಿಕೆಯ ಗದ್ದಲದಲ್ಲಿ ಫೋನಿನ ಮೈಕ್ ನೆಚ್ಚಿಕೊಳ್ಳುವಂಥದ್ದಲ್ಲ. ಒಗ್ಗಿದರೆ, ಮಡಿಲ ಮೇಲಿನ ಸ್ಟೀಲ್‌ಗೆ ಸ್ಟ್ರೋಬೋಕ್ಲಿಪ್ ಎಚ್‌ಡಿ ನನ್ನ ಆಯ್ಕೆ; ಅಷ್ಟು ಹಣ ಹಾಕಲು ಮನಸ್ಸಿಲ್ಲದವರಿಗೆ ಆಧಾರ ಬದಲಿಸಬಲ್ಲ, ಜ್ಯಾಕ್ ಇರುವ ಮುಳ್ಳಿನ ಟ್ಯೂನರ್ ಸಾಕು. ಸ್ಟ್ರೋಬೋಕ್ಲಿಪ್‌ಗೆ ಬೇಕಾದದ್ದು ಒಂದೇ ಒಂದು ಸಿಆರ್2032 ಬಟನ್ ಸೆಲ್. ಬಾರ್ ಮತ್ತು ಬೆರಳುನಖಿಗಳನ್ನು ಇಡುವ ಚೀಲದಲ್ಲಿಯೇ ನಾನು ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಇಟ್ಟಿರುತ್ತೇನೆ, ಬಾರಿನ ಉಕ್ಕು ತಾಗಿ ಅದು ಖಾಲಿಯಾಗಬಾರದಲ್ಲ.