ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಕಾಫಿ ಗೋಡೌನಿನಲ್ಲಿ ಬಿಚ್ಚಬೇಡಿ

ಜೀಪಿನ ಗೇರ್‌ಬಾಕ್ಸನ್ನು ಮನೆಯಲ್ಲೇ ಇಳಿಸಿ, ಬೇರಿಂಗ್ ಬದಲಾಯಿಸಿ, ಮತ್ತೆ ಏರಿಸಿದವನು ನಾನು. ಸೋಮವಾರಪೇಟೆ ಕಡೆಯ ತೋಟದವರಿಗೆ ಅದೇನು ದೊಡ್ಡ ವಿಷಯ ಅಲ್ಲ. ಆ ಧೈರ್ಯದಲ್ಲೇ ಕಳೆದ ಮಳೆಗಾಲದಲ್ಲಿ ಮನೆಯ ಹಳೇ ಆಟೋಮ್ಯಾಟಿಕ್ ಕಾರಿಗೂ ಕೈ ಹಾಕಿದೆ. ನೀವೂ ಹಾಗೆ ಹೊರಟಿದ್ದರೆ ಸ್ಪ್ಯಾನರ್ ಕೆಳಗಿಟ್ಟು ಇದನ್ನು ಓದಿ.

ಇದ್ದ ತೊಂದರೆ ಇಷ್ಟೇ. ರಿವರ್ಸ್‌ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಸುಮ್ನೆ ನಿಂತು, ಆಮೇಲೆ ಧಡ್ ಅಂತ ಹಿಡಿಯುತ್ತಿತ್ತು. ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಗೇರ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಸರಿಯಾಗಿಯೇ ಇತ್ತು. ಹಾಗಾದರೆ ಕ್ಲಚ್ ಪ್ಲೇಟೇ ಹೋಗಿದೆ ಅಂತ ನಾನೇ ತೀರ್ಮಾನಿಸಿದೆ. ಮೈಸೂರಿನ ಗ್ಯಾರೇಜಿನವರು ಫೋನಿನಲ್ಲೇ 70 ಸಾವಿರ ಅಂದರು. ಪ್ಲೇಟು, ಸೀಲು, ಗ್ಯಾಸ್ಕೆಟ್ ಎಲ್ಲ ಸೇರಿದ ಕಿಟ್ಟು 18 ಸಾವಿರಕ್ಕೆ ಸಿಕ್ಕಿತು. ನಮ್ಮ ಜೀಪ್ ನೋಡುವ ಮೆಕ್ಯಾನಿಕ್, "ಇದು ಬೇರೆ ಜಾತಿ ಸಾರ್, ನಾನೇ ಮುಟ್ಟಲ್ಲ" ಅಂದರು. ನಾನು ಕೇಳಲಿಲ್ಲ.

ಕಾಫಿ ಮಾರಿ ಗೋಡೌನು ಖಾಲಿಯಾಗಿತ್ತು. ನೆಲಕ್ಕೆ ಗೋಣಿಚೀಲ ಹಾಸಿ ಅದರ ಮೇಲೆಯೇ ಬಿಚ್ಚಿದೆ. ಮೊದಲ ತಪ್ಪು ಅದೇ. ಒಳಗೆ ವಾಲ್ವ್ ಬಾಡಿ ಅಂತ ಒಂದು ಅಲ್ಯೂಮಿನಿಯಂ ಭಾಗ ಇರುತ್ತದೆ. ಒಳಗೆಲ್ಲ ಗೆದ್ದಲು ಹುತ್ತದಂಥ ಸಣ್ಣ ದಾರಿಗಳು. ಯಾವ ಗೇರು ಯಾವಾಗ ಬೀಳಬೇಕು ಅನ್ನುವುದನ್ನು ಆ ದಾರಿಗಳಲ್ಲಿ ಓಡುವ ಆಯಿಲ್ ನಡೆಸಿಕೊಡುತ್ತದೆ. ಗೋಣಿಯ ಒಂದು ಎಳೆ ಸಿಕ್ಕಿಕೊಂಡರೂ ವಾಲ್ವ್ ಅಲ್ಲೇ ನಿಲ್ಲುತ್ತದೆ. ಎರಡು ಭಾಗ ಬೇರೆ ಮಾಡಿದ ತಕ್ಷಣ ಸಣ್ಣ ಸಣ್ಣ ಗುಂಡುಗಳು ಉದುರಿದವು. ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು ಒಂದೊಂದು ಕುಳಿಗೆ ಒಂದೊಂದು ಹಾಕಿಟ್ಟೆ. ಯಾವುದು ಎಲ್ಲಿತ್ತು ಅಂತ ಫೋಟೋ ಮಾತ್ರ ತೆಗೆದಿರಲಿಲ್ಲ. (ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಹೆಂಡತಿ ಬಿಡಲಿಲ್ಲ.)

ಕ್ಲಚ್ ಪಿಸ್ಟನ್ನಿನ ಸ್ಪ್ರಿಂಗ್ ಒತ್ತಿ ಹಿಡಿಯಲು ಅದರದ್ದೇ ಪ್ರೆಸ್ ಬೇಕು. ನಾನು ಎರಡು ಕಬ್ಬಿಣದ ಪಟ್ಟಿಗೆ ತೂತು ಕೊರೆದು, ಉದ್ದದ ಬೋಲ್ಟ್ ಹಾಕಿ ಒಂದು ಮಾಡಿಕೊಂಡೆ. ಮೊದಲನೆಯದಕ್ಕೆ ಚೆನ್ನಾಗಿಯೇ ನಡೆಯಿತು. ಎರಡನೆಯದಕ್ಕೆ ಪಟ್ಟಿ ಜಾರಿತು. ಸ್ಪ್ರಿಂಗನ್ನು ಹಿಡಿದಿಡುವ ಬಳೆಯಂಥ ಸರ್ಕ್ಲಿಪ್ ಕಿವಿಯ ಪಕ್ಕದಲ್ಲೇ ಹಾರಿ ಮಾಡಿನ ಹೆಂಚಿಗೆ ಬಡಿಯಿತು. ನಾನು ಕನ್ನಡಕ ಹಾಕಿರಲಿಲ್ಲ. ಈಗಲೂ ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಪ್ಲೇಟುಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ (ಬೇರೆ ಬೇರೆ ದಪ್ಪದ ತೆಳು ತಗಡುಗಳ ಅಳತೆಪಟ್ಟಿ) ಅಳೆಯಬೇಕು. ಸಂದು ಕಮ್ಮಿಯಾದರೆ ಪ್ಲೇಟ್ ಉಜ್ಜಿ ಸುಡುತ್ತದೆ, ಜಾಸ್ತಿಯಾದರೆ ಹಿಡಿಯುವುದು ತಡವಾಗುತ್ತದೆ. 300 ರೂಪಾಯಿಯ ಆ ಗೇಜ್ ಇಲ್ಲ ಅಂತ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡಿದೆ. ಜೋಡಿಸಿದ ಮೇಲೆ ಒಂದೊಂದು ಕ್ಲಚ್ಚಿಗೂ ಗಾಳಿ ಬಿಟ್ಟು ಪಿಸ್ಟನ್ 'ಟಪ್' ಅನ್ನುತ್ತದಾ ಅಂತ ಕೇಳಬೇಕು. ಆ ಮಳೆಗೆ ಮೂರು ದಿನ ಕರೆಂಟಿಲ್ಲ, ಕಂಪ್ರೆಸರ್ ಓಡಲಿಲ್ಲ. ಆ ಪರೀಕ್ಷೆಯನ್ನೂ ಬಿಟ್ಟೆ.

ಇಷ್ಟಾದರೂ ಬಚಾವಾಗುತ್ತಿದ್ದೆನೋ ಏನೋ. ಕೆಡಿಸಿದ್ದು ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರುಗಳಿಗೆ ದಾಟಿಸುವ, ದಪ್ಪ ಕುಂಬಳಕಾಯಿಯಂಥ ಈ ಭಾಗವನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ತೂರಿಸಿ, ತಿರುಗಿಸುತ್ತಾ ಒಳಕ್ಕೆ ತಳ್ಳಬೇಕು. ಅದು ಒಂದೇ ಸಲಕ್ಕೆ ಕೂರುವುದಿಲ್ಲ. ಒಂದು ಹಲ್ಲಿಗೆ ಕೂತಿತು ಅಂದುಕೊಂಡರೆ ಇನ್ನೊಂದು ಬಾಕಿ ಇರುತ್ತದೆ. ಕೊನೆಯದಾಗಿ ಆಯಿಲ್ ಪಂಪಿನ ಗೇರಿಗೆ ಕೂರಬೇಕು. ಪೂರ್ತಿ ಕೂತಿದೆಯಾ ಅಂತ ಹೌಸಿಂಗ್ (ಹೊರಕವಚ) ಅಂಚಿಗೆ ನೇರ ಪಟ್ಟಿಯಿಟ್ಟು ಆಳ ಅಳೆಯಬೇಕು. ಎಷ್ಟಿರಬೇಕು ಅನ್ನುವ ಲೆಕ್ಕ ಆ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ನನಗೆ 'ಟಕ್' ಅಂತ ಎರಡು ಸಲ ಕೇಳಿಸಿತು. ಸಾಕು ಅಂದುಕೊಂಡೆ. ಟ್ರಾಲಿ ಜಾಕಿನ ಮೇಲೆ ಹಲಗೆ, ಅದರ ಮೇಲೆ ಹಳೇ ಟಯರ್ ಇಟ್ಟು ಗೇರ್‌ಬಾಕ್ಸ್ ಎತ್ತಿದೆವು. ಎಂಜಿನ್ನಿಗೂ ಅದಕ್ಕೂ ಬೆರಳಿನಷ್ಟು ಸಂದು ಉಳಿಯಿತು. ಕೈಯಲ್ಲಿ ತಳ್ಳಿದರೆ ಮುಚ್ಚಲಿಲ್ಲ. ಜೊತೆಗಿದ್ದ ಭಾವ, "ಬೋಲ್ಟ್ ಬಿಗಿ ಮಾಡು, ತಾನಾಗಿ ಬರುತ್ತೆ" ಅಂದರು. ಬಂತು. ನಾಲ್ಕೂ ಬೋಲ್ಟ್ ಸುತ್ತಿ ಸುತ್ತಿ ಎಳೆದೆವು.

ಬೋಲ್ಟಿನಿಂದ ಎಳೆಯಬೇಕಾದ ಸಂದು ಉಳಿದರೆ ಅಲ್ಲೇ ನಿಲ್ಲಿಸಿ, ಕೆಳಗಿಳಿಸಿ. ಎರಡೂ ಮುಖ ಕೈಯ ಒತ್ತಡಕ್ಕೇ ಕೂಡಬೇಕು. ಕೂಡಿದ ಮೇಲೆ ಒಳಗೆ ಕನ್ವರ್ಟರ್ ಸಲೀಸಾಗಿ ತಿರುಗಬೇಕು. ನಾನು ತಿರುಗಿಸಿಯೇ ನೋಡಲಿಲ್ಲ.

ಸ್ಟಾರ್ಟ್ ಮಾಡಿದೆ. ಕಿರ್ರ್ ಅಂತ ಒಂದು ಕೀರಲು. ಯಾವ ಗೇರೂ ಇಲ್ಲ. ಅರ್ಧ ನಿಮಿಷದಲ್ಲಿ ಕಾರಿನಡಿ ಕೆಂಪು ಆಯಿಲ್ ಹರಿಯಿತು.

ಲಾರಿ ಮೇಲೆ ಹೇರಿಕೊಂಡು ಮೈಸೂರಿಗೇ ಹೋಯಿತು. ಪಂಪಿನ ಗೇರು ಸೀಳಿತ್ತು. ಅದರ ಪುಡಿ ವಾಲ್ವ್ ಬಾಡಿ, ಹೊಸ ಪ್ಲೇಟು, ಆಯಿಲ್ ಕೂಲರ್ ಎಲ್ಲಕ್ಕೂ ಹೋಗಿತ್ತು. ಕೂಲರ್ ಬದಲಾಯಿಸದಿದ್ದರೆ ಅದೇ ಪುಡಿ ವಾಪಸ್ ಬಂದು ಮತ್ತೆ ಕೆಡಿಸುತ್ತದಂತೆ. ಒಟ್ಟು 1,12,000 ರೂಪಾಯಿ.

ನಾನು ತೆಗೆದ ಹಳೇ ಪ್ಲೇಟುಗಳನ್ನು ಅಲ್ಲಿಯ ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡಿದರು. "ಇವು ಇನ್ನೂ ಓಡ್ತಿದ್ವಲ್ಲ ಸಾರ್. ಆಯಿಲ್ ಲೆವೆಲ್ ಹೇಗೆ ನೋಡಿದ್ರಿ?"

"ಬೆಳಿಗ್ಗೆ, ಸ್ಟಾರ್ಟ್ ಮಾಡೋಕೆ ಮೊದಲು. ಎಂಜಿನ್ ಆಯಿಲ್ ನೋಡೋ ಹಾಗೇ."

ಅವರು ನಕ್ಕುಬಿಟ್ಟರು. ಈ ಗಾಡಿಯಲ್ಲಿ ಗೇರ್ ಆಯಿಲ್ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ನೋಡಬೇಕಂತೆ. ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದು ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಕೆಲವು ಕಂಪನಿಯ ಗಾಡಿಗಳಲ್ಲಿ ಎಂಜಿನ್ ನಿಲ್ಲಿಸಿಯೇ ನೋಡುವ ಕ್ರಮ ಇದೆ, ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿ. ನನ್ನದರಲ್ಲಿ ಆಕ್ಸಲ್ ಸೀಲಿನಿಂದ ಸೋರಿ ಸೋರಿ ಆಯಿಲ್ ಕಮ್ಮಿಯಾಗಿತ್ತು, ಅಷ್ಟೇ.

ಆ ಸೀಲಿಗೆ 450 ರೂಪಾಯಿ. ಬಿಲ್ಲಿನ ಕೊನೇ ಸಾಲಿನಲ್ಲಿತ್ತು.